ಪುಣ್ಯಕೋಟಿಯ ಹಾಡಿಗೆ ಮಗ ಅಳುತ್ತಾನೆ, ನಿಲ್ಲಿಸಬೇಕೆ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದು, ಶನಿವಾರ ಸಂಜೆ ಊರಿಗೆ ಬಂದು ಸೋಮವಾರ ಅವನು ಏಳುವ ಮೊದಲೇ ಐದೂವರೆಯ ಬಸ್ಸಿಗೆ ಹೊರಟುಬಿಡುತ್ತೇನೆ. ಉಳಿದ ದಿನ ಅವನು ನನ್ನ ತಾಯಿಯ ಬಳಿ ಇರುತ್ತಾನೆ. ಅಜ್ಜಿಯಿಂದ ಗೋವಿನ ಹಾಡನ್ನು ತಾನೇ ಹಟ ಮಾಡಿ ಹೇಳಿಸಿಕೊಳ್ಳುತ್ತಾನೆ, ಆದರೆ ಹಸು ಕರುವನ್ನು ಬಿಟ್ಟು ಹೊರಡುವಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಹುಲಿಯೂ ಹಸುವೂ ಗೆಳೆಯರಾದವೆಂದು ಕಥೆ ಮುಗಿಸಿಬಿಡಿ ಎಂದು ಪರಿಚಿತರು ಹೇಳುತ್ತಾರೆ. ಉಡುಗೊರೆಯಾಗಿ ಬಂದ ಪುಸ್ತಕವೊಂದರಲ್ಲಿ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆಯೂ ಇದೆ. ಇಂತಹ ಕಥೆಗಳನ್ನು ದೂರವಿಡಬೇಕೆ?
– ಓರ್ವ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಹಾಡನ್ನು ನಿಲ್ಲಿಸಬೇಡಿ. ಅಳು ಬರುತ್ತದೆಂದು ತಿಳಿದೂ ಹುಡುಗ ಅದನ್ನೇ ಕೇಳುತ್ತಿದ್ದಾನೆಂದರೆ ಅವನಿಗೆ ಅದರಲ್ಲಿ ಏನೋ ಬೇಕಾಗಿದೆ. ಅದೇನೆಂಬ ಸುಳಿವು ನಿಮ್ಮ ಪತ್ರದಲ್ಲಿಯೇ, ಐದೂವರೆಯ ಬಸ್ಸಿನ ಮಾತಿನಲ್ಲಿ ಇದೆ ಎಂದು ನನಗೆ ತೋರುತ್ತದೆ. ತಾನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ, ತನಗೆ ಹಿತವರು ಯಾರು ಎಂದು ಕರು ಕೇಳುತ್ತದಲ್ಲ, ಸೋಮವಾರ ಬೆಳಿಗ್ಗೆ ಎದ್ದು ಪಕ್ಕದಲ್ಲಿ ನಿಮ್ಮನ್ನು ಕಾಣದ ಮಗುವಿನ ಪ್ರಶ್ನೆಯೂ ಅದೇ. ಅದನ್ನು ತಾನಾಗಿ ಕೇಳಲು ಆರು ವರ್ಷದವನಿಗೆ ಮಾತು ಸಾಲದು, ಕರು ಅವನ ಪರವಾಗಿ ಕೇಳುತ್ತದೆ.

ನಾವೆಲ್ಲ ಈ ಹಾಡನ್ನು ಹುಲಿಗೆ ಕೊಟ್ಟ ಮಾತಿನ ಕಥೆಯೆಂದೇ ಶಾಲೆಯಲ್ಲಿ ಕಲಿತೆವು. ಆದರೆ ಪುಣ್ಯಕೋಟಿ ಸತ್ಯವನ್ನು ಹೇಳಿದ್ದು ಹುಲಿಗೆ ಮಾತ್ರವಲ್ಲ. ಕೊಟ್ಟಿಗೆಗೆ ಬಂದು ಕರುವಿಗೆ ಹಾಲೂಡಿಸಿ, ಅದು ಮಲಗಿದ ಮೇಲೆ ಸದ್ದಿಲ್ಲದೆ ಕಾಡಿನ ದಾರಿ ಹಿಡಿಯುವುದು ಅವಳಿಗೆ ಸುಲಭವಿತ್ತು. ಹಾಗೆ ಮಾಡದೆ ಅವಳು ಎಲ್ಲವನ್ನೂ ಕರುವಿಗೆ ಹೇಳುತ್ತಾಳೆ, ಇಲ್ಲಿಯೇ ಇದ್ದುಬಿಡಮ್ಮ ಎಂಬ ಅದರ ಬೇಡಿಕೆಯನ್ನೂ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ದೊಡ್ಡಿಯ ಉಳಿದ ಹಸುಗಳನ್ನು ಅಮ್ಮ, ಅಕ್ಕ ಎಂದು ಕರೆದು, ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೇ ಕಂದನೆಂದು ನೋಡಿಕೊಳ್ಳಿ ಎಂದು ಒಪ್ಪಿಸುತ್ತಾಳೆ. ದನದ ಕೊಟ್ಟಿಗೆಯನ್ನು ಹತ್ತಿರದಿಂದ ಕಂಡವರಿಗಷ್ಟೇ ಹೊಳೆಯುವ ಮಾತು ಇದು; ತಾಯಿಯಿಲ್ಲದ ಕರುವಿಗೆ ಬೇರೆ ಹಸುಗಳಿಂದ ಏನು ಬೀಳುತ್ತದೆ ಎಂಬುದು ಹಾಡು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಬದಲಾಯಿಸಬೇಕಾದದ್ದು ಹಾಡಿನ ಕೊನೆಯನ್ನಲ್ಲ, ನೀವು ಮನೆಯಿಂದ ಹೊರಡುವ ಬಗೆಯನ್ನು ಎಂದು ಹೇಳಿದರೆ ಕ್ಷಮಿಸಿ. ಮಗು ಅಳುತ್ತದೆಂದು ಕದ್ದು ಹೊರಡುವುದು ನಮ್ಮಲ್ಲಿ ಎಲ್ಲ ಮನೆಗಳಲ್ಲಿಯೂ ನಡೆಯುತ್ತದೆ. ಅದರಿಂದ ಅಳು ತಪ್ಪುವುದಿಲ್ಲ, ಅದು ನಿಮ್ಮ ಕಣ್ಣಿಗೆ ಬೀಳುವುದಷ್ಟೇ ತಪ್ಪುತ್ತದೆ. ಭಾನುವಾರ ಹಗಲಿನಲ್ಲಿಯೇ, ನಾಳೆ ಹೋಗುತ್ತೇನೆ, ಶನಿವಾರ ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ, ಅಲ್ಲಿಯವರೆಗೆ ಅಜ್ಜಿ ಇರುತ್ತಾರೆ ಎಂದು ಹೇಳಿ. ಬೆಳಿಗ್ಗೆ ಎಬ್ಬಿಸಿ ಹೇಳಿ ಹೊರಡಿ. ಕೆಲವು ವಾರ ಅಳು ಹೆಚ್ಚಾದರೂ ಆಗಬಹುದು.

ಹಿಂದಿ ಲೇಖಕ ಪ್ರೇಮಚಂದರ ‘ಈದ್‌ಗಾಹ್’ ಕಥೆಯನ್ನು ಅವನು ಇನ್ನಷ್ಟು ದೊಡ್ಡವನಾದ ಮೇಲೆ ಓದಿ ಹೇಳಿ. ಅದರ ಹಮೀದನಿಗೆ ತಂದೆ ತಾಯಿ ಇಬ್ಬರೂ ಇಲ್ಲ. ತಂದೆ ಹಣ ಗಳಿಸಲು ಹೋಗಿದ್ದಾನೆ ಎಂದು ಅಜ್ಜಿ ನಂಬಿಸಿದ್ದಾಳೆ. ಜಾತ್ರೆಯಲ್ಲಿ ಇತರ ಹುಡುಗರು ಮಿಠಾಯಿ, ಮಣ್ಣಿನ ಗೊಂಬೆ ಕೊಂಡರೆ, ಈ ಹುಡುಗ ತನ್ನ ಬಳಿಯಿದ್ದ ಮೂರೇ ಪೈಸೆಗೆ ಕಬ್ಬಿಣದ ಚಿಮಟ ಕೊಳ್ಳುತ್ತಾನೆ, ರೊಟ್ಟಿ ತಿರುವುವಾಗ ಅಜ್ಜಿಯ ಬೆರಳು ಸುಡುತ್ತದೆಂದು. ಮಗು ದುಃಖವನ್ನು ಅರಿಯದೆಂದು ದೊಡ್ಡವರು ತಿಳಿದಿರುವಾಗ, ಮಗುವೇ ದೊಡ್ಡವರ ಬೆರಳನ್ನು ನೋಡುತ್ತಿರುತ್ತದೆ.

ಬೆಂಕಿಕಡ್ಡಿಯ ಹುಡುಗಿಯ ವಿಷಯದಲ್ಲಿ ಮಾತ್ರ ನಿಮ್ಮ ಹಿಂಜರಿಕೆ ಸರಿ. ಡೆನ್ಮಾರ್ಕಿನ ಆಂಡರ್‌ಸನ್ 1845ರಲ್ಲಿ ಪ್ರಕಟಿಸಿದ ಆ ಕಥೆ ಸುಳ್ಳು ಕಣ್ಣೀರಿನದಲ್ಲ. ಅವನ ತಾಯಿಯನ್ನೇ ಚಿಕ್ಕಂದಿನಲ್ಲಿ ಭಿಕ್ಷೆಗೆ ಅಟ್ಟಿದ್ದರು, ಅವನು ಹನ್ನೊಂದನೆಯ ವಯಸ್ಸಿನಲ್ಲಿ ಚಮ್ಮಾರನಾಗಿದ್ದ ತಂದೆಯನ್ನು ಕಳೆದುಕೊಂಡವನು. ಆದರೆ ಕರುವಿಗೆ ದೊಡ್ಡಿಯ ಹಸುಗಳಾದರೂ ಇದ್ದವು, ಆ ಹುಡುಗಿಗೆ ಈ ಲೋಕದಲ್ಲಿ ಅಕ್ಕರೆ ತೋರುವವರು ಯಾರೂ ಇಲ್ಲ. ವರ್ಷದ ಕೊನೆಯ ರಾತ್ರಿ ಬೀದಿಯಲ್ಲಿ ಚಳಿಗೆ ಸಾಯುತ್ತಾಳೆ. ಅದನ್ನು ಒಂಬತ್ತು ಹತ್ತು ವರ್ಷಕ್ಕೆ ಮುಂದೂಡಿ, ಆಗಲೂ ಒಬ್ಬನೇ ಓದಲು ಬಿಡಬೇಡಿ.

ಭಾನುವಾರ ರಾತ್ರಿ ಗೋವಿನ ಹಾಡು ಬೇಡ, ಬುಧವಾರ ಅಜ್ಜಿಯ ತೊಡೆಯ ಮೇಲೆ ಆಗಲಿ. ಮುಗಿದ ಮೇಲೆ ಇದರಿಂದ ಏನು ಕಲಿತೆ ಎಂದು ಕೇಳುವ ಅಭ್ಯಾಸವಿದ್ದರೆ ಬಿಡಿ. ಕಥೆ ಕೇಳದ ಹೊತ್ತಿನಲ್ಲಿಯೂ ಅವನು ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ದೆ ತಪ್ಪಿದರೆ ಮಾತ್ರ ಮಕ್ಕಳ ವೈದ್ಯರನ್ನು ಕಾಣಿ. 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೂ ಕರೆ ಮಾಡಬಹುದು.

ಇನ್ನು ಹುಲಿ. ಹಸುವನ್ನು ತಿನ್ನಲಾರದೆ ಅದು ಪ್ರಾಣ ಬಿಡುವುದು ಏಕೆ ಎಂದು ಅವನು ಇಂದಲ್ಲ ನಾಳೆ ಕೇಳುತ್ತಾನೆ. ನಾನೂ ಚಿಕ್ಕವನಿದ್ದಾಗ ಕರುವಿಗಿಂತ ಹೆಚ್ಚಾಗಿ ಆ ಹುಲಿಗಾಗಿ ಅತ್ತವನು. ಅದಕ್ಕೆ ಬೇರೆ ಏನಾದರೂ ತಿನ್ನಲು ಕೊಡಬಾರದಿತ್ತೇ ಎಂದು ಅಮ್ಮನನ್ನು ಪೀಡಿಸಿದ್ದೆ. ನಿಮ್ಮ ಮಗನೂ ಕೇಳಿದರೆ ಕೂಡಲೇ ಉತ್ತರ ಕೊಡಬೇಡಿ, ನಿನಗೇನನ್ನಿಸುತ್ತದೆ ಎಂದು ಅವನನ್ನೇ ಕೇಳಿ.