ಊರ ಆಚಾರಿ ಕೈಗೆ ಕೋವಿ ಕೊಡಬಹುದಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪಯ್ಯನ ಹೆಸರಲ್ಲಿ ಲೈಸೆನ್ಸ್ ಇರುವ ಜೋಡುನಳಿಗೆ ಕೋವಿ ನಮ್ಮಲ್ಲಿದೆ. ಒಂದು ಫೈರಿಂಗ್ ಪಿನ್ (ತೋಟಾಕ್ಕೆ ಬಡಿದು ಸಿಡಿಸುವ ಮೊಳೆ) ಮುರಿದಿದೆ, ನಳಿಗೆಯೊಳಗೆ ತುಕ್ಕು ತಿಂದಿದೆ. ಊರ ಆಚಾರಿ ಪಿನ್ ಮಾಡಿಕೊಡ್ತೇನೆ ಅಂತಾರೆ. ಪರಿಚಯದವರೊಬ್ಬರು ಅಟ್ಟದಲ್ಲಿರುವ ಹಳೇ ನಳಿಗೆ ಕೊಡ್ತಾರಂತೆ. ವಿರಾಜಪೇಟೆಯ ಗೆಳೆಯ, ನಮಗೆ ಈ ತಾಪತ್ರಯವೇ ಇಲ್ಲ ಅಂತ ನಗ್ತಾನೆ. ಅಪ್ಪಯ್ಯನಿಗೆ ಓಡಾಡಲು ಆಗೋದಿಲ್ಲ. ಕೋವಿ ಹಿಡಿದು ನಾನೇ ಶಿವಮೊಗ್ಗಕ್ಕೆ ಹೋದರೆ ತಪ್ಪಾ?"

ಮೊದಲು ಆಚಾರಿ ವಿಷಯ. ಬೇಡ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸಲು, ಮಾರಲು ಮಾತ್ರವಲ್ಲ, ರಿಪೇರಿ ಮಾಡಲೂ ಲೈಸೆನ್ಸ್ ಬೇಕು. ನಿಮ್ಮ ತಂದೆಯವರ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು, ಅದು ಆಚಾರಿಯವರ ಕೆಲಸಕ್ಕೆ ರಕ್ಷಣೆ ಕೊಡುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಈ ತಪ್ಪಿಗೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಒಂದು ಪಿನ್ನಿಗೆ ಇದು ಜಾಸ್ತಿಯಾಯಿತು ಅಂತ ನನಗೂ ಅನ್ನಿಸುತ್ತದೆ. ಆದರೆ ನಾಡಕೋವಿ ಮಾಡುವವರನ್ನು ಹಿಡಿಯಲು ಬರೆದ ಮಾತು ಪಿನ್ ಮಾಡುವವರಿಗೂ ತಾಗುತ್ತದೆ. ಪಾಪ, ನಿಮ್ಮ ಕೆಲಸಕ್ಕೆ ಅವರು ಯಾಕೆ ಸಿಕ್ಕಿಬೀಳಬೇಕು? ಎಣ್ಣೆ ಹಾಕಿ ಒರೆಸಿಡುವುದು ಮನೆಯವರ ಕೆಲಸ. ಪಿನ್ನು, ಸ್ಪ್ರಿಂಗು ರಿಪೇರಿ ಲೈಸೆನ್ಸ್ ಇರುವ ಅಂಗಡಿಯವರ ಕೆಲಸ.

ನಳಿಗೆಯದು ಇನ್ನೂ ಸೂಕ್ಷ್ಮ. ಕಾಯ್ದೆಯ ಲೆಕ್ಕದಲ್ಲಿ ಕೋವಿಯ ಬಿಡಿಭಾಗವೂ ಕೋವಿಯೇ. ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಆ ನಳಿಗೆ ಯಾರ ಲೈಸೆನ್ಸಿನಲ್ಲಿದೆ? ಯಾರದ್ದೂ ಅಲ್ಲ ಎಂದಾದರೆ ಕೊಡುವವರಿಗೂ ತೊಂದರೆ, ತೆಗೆದುಕೊಳ್ಳುವ ನಿಮಗೂ ತೊಂದರೆ. ಇನ್ನೊಂದು, ಅದರ ಮೇಲಿರುವ ನಂಬರು. ಲೈಸೆನ್ಸ್ ಪುಸ್ತಕದಲ್ಲಿ ಒಂದು ನಂಬರು, ನಳಿಗೆಯ ಮೇಲೆ ಇನ್ನೊಂದು ಇದ್ದರೆ, ಚುನಾವಣೆ ಸಮಯದಲ್ಲಿ ಕೋವಿ ಠಾಣೆಗೆ ಇಡಲು ಹೋದಾಗಲೇ ಪ್ರಶ್ನೆ ಶುರುವಾಗುತ್ತದೆ. ನಂಬರು ಉಜ್ಜಿ ತೆಗೆದರಾಯ್ತು ಎನ್ನುವ ಬುದ್ಧಿವಂತರ ಮಾತು ಕೇಳಲೇಬೇಡಿ. ಗುರುತು ಅಳಿಸಿದ ಕೋವಿ ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದ್ದಾರೆ ಅಂತ 8ನೇ ಸೆಕ್ಷನ್ ಭಾವಿಸುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಹಾಗಾಗಿ ಪಾಲಿಷ್ ಮಾಡಿಸುವಾಗಲೂ ನಂಬರು ಮಾಸದಂತೆ ನೋಡಿಕೊಳ್ಳಿ. ತುಕ್ಕು ತುದಿಯಲ್ಲಿ ಮಾತ್ರ ಇದ್ದರೂ ಅಷ್ಟನ್ನು ಕತ್ತರಿಸುವ ಹಾಗಿಲ್ಲ. ನಳಿಗೆ ಗಿಡ್ಡ ಮಾಡುವುದಕ್ಕೆ 6ನೇ ಸೆಕ್ಷನ್ ಬೇರೆಯೇ ಲೈಸೆನ್ಸ್ ಕೇಳುತ್ತದೆ.

ನಳಿಗೆ ಬದಲಿಸಲೇಬೇಕು ಎಂದು ಅಂಗಡಿಯವರು ಹೇಳಿದರೆ, ಕೆಲಸಕ್ಕೆ ಮುಂಚೆ ಲೈಸೆನ್ಸ್ ಕೊಟ್ಟ ಜಿಲ್ಲಾಧಿಕಾರಿ ಕಚೇರಿಗೆ ತಂದೆಯವರ ಸಹಿಯ ಅರ್ಜಿ ಕೊಡಿ. ಲಿಖಿತ ಒಪ್ಪಿಗೆ ಬರಲಿ, ಬದಲಾವಣೆ ಲೈಸೆನ್ಸಿನಲ್ಲಿ ದಾಖಲಾಗಲಿ. ತೆಗೆದ ಹಳೇ ನಳಿಗೆಯನ್ನು ನೆನಪಿಗೆ ಇರಲಿ ಅಂತ ಮನೆಗೆ ತರಬೇಡಿ.

ನಿಮ್ಮ ಗೆಳೆಯರ ನಗುವಿಗೆ ಕಾರಣವಿದೆ. ವಿರಾಜಪೇಟೆ ಇರುವ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿದಿದೆ. ಆದರೆ ಅದು 3 ಮತ್ತು 4ನೇ ಸೆಕ್ಷನ್‌ಗೆ, ಅಂದರೆ ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿಯ ವಿಷಯದಲ್ಲಿ ಅವರೂ ನೀವೂ ಒಂದೇ.

ಇನ್ನು ನೀವು ಒಯ್ಯುವುದು. ಅದಕ್ಕೆ ಕಾನೂನೇ ದಾರಿ ಬಿಟ್ಟಿದೆ. ಲೈಸೆನ್ಸ್‌ದಾರರ ಎದುರಲ್ಲಿ ಅಥವಾ ಅವರ ಲಿಖಿತ ಅನುಮತಿಯ ಮೇಲೆ, ರಿಪೇರಿಗೋ ನವೀಕರಣಕ್ಕೋ ಬೇರೆಯವರು ಕೋವಿ ಒಯ್ಯಬಹುದು ಅಂತ 3ನೇ ಸೆಕ್ಷನ್‌ನಲ್ಲೇ ಇದೆ. ತಂದೆಯವರಿಂದ ಒಂದು ಪತ್ರ ಬರೆಸಿಕೊಳ್ಳಿ: ನಿಮ್ಮ ಹೆಸರು, ಕೋವಿ ನಂಬರು, ಯಾವ ಅಂಗಡಿಗೆ, ಯಾವ ದಿನ. ಅಸಲು ಲೈಸೆನ್ಸ್ ಜೊತೆಗಿರಲಿ. ತೋಟಾ ಮನೆಯಲ್ಲೇ ಬಿಡಿ. ದಾರಿಯಲ್ಲಿ ನೆಂಟರ ಮನೆ, ಮದುವೆ ಅಂತ ಸುತ್ತಬೇಡಿ. ಅಂಗಡಿಯಲ್ಲಿ ನಂಬರು ಬರೆದ ರಸೀದಿ ಪಡೆಯಿರಿ. ಮತ್ತೆ ಹೊರಡುವ ಮೊದಲು ಲೈಸೆನ್ಸಿನ ಅವಧಿ ನೋಡಿ. ಮುಗಿದಿದ್ದರೆ ಮೊದಲು ನವೀಕರಣ, ಪಿನ್ ಆಮೇಲೆ.

— ಸಂಪಾದಕ