ಓದುಗರ ಪ್ರಶ್ನೆ: ಗ್ರಹಣ ನೋಡಲು ತಂಡದೊಂದಿಗೆ ಈಜಿಪ್ಟಿಗೆ

ಪ್ರಶ್ನೆ: 1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣ ನಮ್ಮ ರಾಜ್ಯದ ಮೇಲೆಯೇ ಹಾದುಹೋದಾಗ ಹಿರಿಯರು ನಮ್ಮನ್ನು ಕದ ಹಾಕಿ ಒಳಗೆ ಕೂರಿಸಿದ್ದರು. ಈಗ 2027ರ ಆಗಸ್ಟ್ 2ರ ಗ್ರಹಣಕ್ಕೆ ಈಜಿಪ್ಟಿಗೆ ಹೊರಡುವ ಪ್ರವಾಸಿ ತಂಡದ ಕರಪತ್ರ ಬಂದಿದೆ. ಕೈರೋ, ನೈಲ್ ನದಿಯಲ್ಲಿ ಹಡಗಿನ ಪಯಣ, ‘ಶತಮಾನದ ಅತಿ ದೀರ್ಘ ಗ್ರಹಣ’ ಎಂದೆಲ್ಲ ಅದರಲ್ಲಿದೆ. ಅಂದು ನಮ್ಮೂರಲ್ಲೂ ಗ್ರಹಣ ಕಾಣುವಾಗ ಅಷ್ಟು ದೂರ ಯಾಕೆ ಎಂದು ಯಜಮಾನರು ಕೇಳುತ್ತಾರೆ. ಮುಂಗಡ ಕಟ್ಟಬಹುದೇ?
– ನಿವೃತ್ತ ಶಿಕ್ಷಕಿ, ವಿಜಯಪುರ

ಉತ್ತರ: ಯಜಮಾನರ ಮಾತು ಅರ್ಧ ನಿಜ. ಅಂದು ಸಂಜೆ ವಿಜಯಪುರದಲ್ಲಿಯೂ ಗ್ರಹಣವಿದೆ, ಆದರೆ ಅದು ಸೂರ್ಯನ ಒಂದು ಭಾಗವಷ್ಟೇ ಮರೆಯಾಗುವ ಪಾರ್ಶ್ವಗ್ರಹಣ. ಮೇಲಾಗಿ ಅಂದು ನಾಗರ ಅಮಾವಾಸ್ಯೆ, ಮಳೆಗಾಲದ ಆಕಾಶವನ್ನು ನೆಚ್ಚಿ ಕೂರುವಂತಿಲ್ಲ. 2009ರ ಜುಲೈ 22ರಂದು ಖಗ್ರಾಸ ಗ್ರಹಣ ನೋಡಲು ಬಿಹಾರದ ತರೇಗನಾದಲ್ಲಿ ನೆರೆದಿದ್ದ ಜನಕ್ಕೆ ಕಂಡದ್ದು ಮೋಡವೇ. ಸೂರ್ಯನ ಶೇಕಡಾ 99ರಷ್ಟು ಭಾಗ ಮರೆಯಾದರೂ ಉಳಿದ ತುಣುಕಿನ ಪ್ರಖರತೆಯಲ್ಲಿ ಕರೋನಾ ಎಂಬ ಮುತ್ತಿನ ಬಣ್ಣದ ಹೊರವಲಯ ಕಾಣದು; ಅಂಚಿನಲ್ಲಿ ಒಂದೇ ಬೆಳಕಿನ ಚುಕ್ಕೆ ಹೊಳೆಯುವ ‘ವಜ್ರದುಂಗುರ’, ನಡುಹಗಲಿನಲ್ಲಿ ಶುಕ್ರ, ದಿಗಂತದ ಸುತ್ತ ಸಂಜೆಗೆಂಪು, ಇವೆಲ್ಲ ಚಂದ್ರನ ದಟ್ಟ ನೆರಳು ಬಿದ್ದ ಪಟ್ಟಿಯೊಳಗೆ ನಿಂತವರಿಗೆ ಮಾತ್ರ. ಆದ್ದರಿಂದ ಹೋಗುವುದು ಸಾರ್ಥಕವೆಂದೇ ನನ್ನ ಅಭಿಪ್ರಾಯ.

ಮುಂಗಡದ ಮಾತು ಬೇರೆ. ನೀವು ದುಡ್ಡು ಕೊಡುತ್ತಿರುವುದು ಆ ಪಟ್ಟಿಯೊಳಗಿನ ಒಂದು ಜಾಗಕ್ಕೆ. ಪಿರಮಿಡ್ಡು, ಹೋಟೆಲು, ಹಡಗು ಎಲ್ಲ ಆಮೇಲಿನವು. ದಕ್ಷಿಣ ಈಜಿಪ್ಟಿನ ಲಕ್ಸರ್ ನಗರ ಪಟ್ಟಿಯ ಮಧ್ಯರೇಖೆಗೆ ಹತ್ತಿರವಿದ್ದು, ಅಲ್ಲಿ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ಣಗ್ರಹಣವಿರುತ್ತದೆ. ಕೈರೋ ಪಟ್ಟಿಯ ಹೊರಗಿದೆ, ಲಕ್ಸರಿನ ದಕ್ಷಿಣಕ್ಕಿರುವ ಅಸ್ವಾನ್ ಕೂಡ ಹೊರಗಿದೆ. ನೈಲ್ ಪ್ರವಾಸದ ಹಡಗುಗಳು ಸಾಮಾನ್ಯವಾಗಿ ಓಡಾಡುವುದು ಲಕ್ಸರ್ ಮತ್ತು ಅಸ್ವಾನ್ ನಡುವೆಯಾದ್ದರಿಂದ, ಅಂದು ನಿಮ್ಮ ಹಡಗು ಅಸ್ವಾನಿನಲ್ಲಿ ಲಂಗರು ಹಾಕಿದ್ದರೆ ಲಕ್ಷಗಟ್ಟಲೆ ಖರ್ಚು ಮಾಡಿಯೂ ನೋಡುವುದು ಪಾರ್ಶ್ವಗ್ರಹಣವನ್ನೇ. ಆಗಸ್ಟ್ 2ರ ಮಧ್ಯಾಹ್ನ ತಂಡ ಯಾವ ಊರಿನಲ್ಲಿ, ಯಾವ ಸ್ಥಳದಲ್ಲಿ ನಿಲ್ಲುತ್ತದೆ, ಅಲ್ಲಿ ಪೂರ್ಣಗ್ರಹಣದ ಅವಧಿ ಎಷ್ಟು ಎಂಬುದನ್ನು ಆಯೋಜಕರಿಂದ ಬರವಣಿಗೆಯಲ್ಲಿ ಪಡೆಯಿರಿ. ಅದನ್ನು ಕೊಡಲು ಹಿಂಜರಿಯುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

‘ಶತಮಾನದ ಅತಿ ದೀರ್ಘ’ ಎಂಬುದೂ ತಪ್ಪು. ಇದರ ಗರಿಷ್ಠ ಅವಧಿ 6 ನಿಮಿಷ 23 ಸೆಕೆಂಡು. ಮೇಲೆ ಹೇಳಿದ 2009ರ ಗ್ರಹಣ ಪೆಸಿಫಿಕ್ ಸಾಗರದ ಮೇಲೆ 6 ನಿಮಿಷ 39 ಸೆಕೆಂಡು ಇತ್ತು. ಕರಪತ್ರ ಬರೆದವರ ಉತ್ಸಾಹವೆಂದು ಇದನ್ನು ಬಿಟ್ಟುಬಿಡಬಹುದು, ಆದರೆ ಅದೇ ಉತ್ಸಾಹ ಸ್ಥಳದ ವಿಷಯದಲ್ಲಿಯೂ ಇದ್ದರೆ ಕಷ್ಟ.

ಲಕ್ಸರ್ ಇರುವ ದಕ್ಷಿಣ ಈಜಿಪ್ಟಿನಲ್ಲಿ ಆಗಸ್ಟ್ ತಿಂಗಳಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಮೋಡದ ಭಯಕ್ಕಿಂತ ಬಿಸಿಲಿನ ಭಯ ದೊಡ್ಡದು: 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಸಾಮಾನ್ಯ, ಮೇ ತಿಂಗಳ ವಿಜಯಪುರ ಕಂಡವರಿಗೂ ಅದು ಸಲೀಸಲ್ಲ. ಆಂಶಿಕ ಹಂತವೇ ಮೊದಲು ಒಂದು ಗಂಟೆಗೂ ಹೆಚ್ಚು, ಆಮೇಲೆ ಮತ್ತೆ ಅಷ್ಟೇ ಹೊತ್ತು ಇರುವುದರಿಂದ ಆ ಜಾಗದಲ್ಲಿ ನೆರಳು, ನೀರು, ಶೌಚಾಲಯ ಇವೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ರದ್ದಾದರೆ ಹಣ ಮರಳುವ ಷರತ್ತನ್ನೂ ಓದಿಕೊಳ್ಳಿ.

ಪ್ರಶ್ನೆ: ನಾನೂ ಅಂಥದೇ ತಂಡದಲ್ಲಿ ಹೆಸರು ಬರೆಸಿದ್ದೇನೆ. ಹಳೆಯ ಎಕ್ಸ್‌ರೇ ಫಿಲ್ಮ್ ಒಯ್ದರೆ ಸಾಲದೇ?
– ಓದುಗ, ಜಮಖಂಡಿ

ಉತ್ತರ: ಖಂಡಿತ ಸಾಲದು. ಎಕ್ಸ್‌ರೇ ಫಿಲ್ಮ್ ಕಣ್ಣಿಗೆ ತಂಪೆನಿಸಿದರೂ ಅದರ ಮೂಲಕ ಬರುವ ಅವಕೆಂಪು ಕಿರಣಗಳು ರೆಟಿನಾವನ್ನು ಸುಡಬಲ್ಲವು, ಸುಡುವಾಗ ನೋವೂ ಆಗದು. ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಗ್ರಹಣ ಕನ್ನಡಕವನ್ನು ನಂಬಿಕಸ್ಥರಿಂದ ಕೊಂಡು, ಗೀರು ಬಿದ್ದಿಲ್ಲವೆಂದು ನೋಡಿಕೊಂಡು ಒಯ್ಯಿರಿ. ಸೂರ್ಯ ಪೂರ್ತಿ ಮರೆಯಾದ ಆ ನಿಮಿಷಗಳಲ್ಲಿ ಮಾತ್ರ ಕನ್ನಡಕವನ್ನು ತೆಗೆಯಲೇಬೇಕು, ಇಲ್ಲವಾದರೆ ಕತ್ತಲೆಯ ಹೊರತು ಏನೂ ಕಾಣದು; ಅಂಚಿನಲ್ಲಿ ಬೆಳಕಿನ ಮೊದಲ ಚುಕ್ಕೆ ಮೂಡಿದೊಡನೆ ಮತ್ತೆ ಹಾಕಿಕೊಳ್ಳಿ.