ಕಾಲು ಕೈಕೊಡುವುದು 24ರಲ್ಲಿ, ತಪ್ಪಾಗುವುದು ಮೊದಲ ಹತ್ತರಲ್ಲಿ

ನೀವು ಹಾಕಿರುವ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ ಸರ್. ಹಾಫ್ ಮ್ಯಾರಥಾನ್ (21.1 ಕಿ.ಮೀ.) 2 ಗಂಟೆ 12 ನಿಮಿಷ. ಜನವರಿಯ ಮುಂಬೈ ಫುಲ್ ಮ್ಯಾರಥಾನಿಗೆ (42.2 ಕಿ.ಮೀ.) ಗುರಿ 4:15. ವಾರಕ್ಕೆ ಸುಮಾರು 40 ಕಿ.ಮೀ. ಓಟ. ಬೆಂಗಳೂರಿನಲ್ಲಿ ಕಳೆದ ಭಾನುವಾರದ ಲಾಂಗ್ ರನ್ನಿನಲ್ಲಿ ಮೊದಲ ಹತ್ತು ಕಿ.ಮೀ. 6:20ರ ಪೇಸ್ (ಕಿ.ಮೀ.ಗೆ 6 ನಿಮಿಷ 20 ಸೆಕೆಂಡ್), 24 ದಾಟುತ್ತಿದ್ದಂತೆ 8:30. ‘ಸ್ಟ್ಯಾಮಿನಾ ಸಾಲ್ತಿಲ್ಲ, ಏನು ತಿನ್ನಬೇಕು’ ಅಂತ ಕೇಳಿದ್ದೀರಿ. ತಿನ್ನೋದು ಆಮೇಲೆ, ಮೊದಲು ಲೆಕ್ಕ.

4:15 ಅಂದರೆ ಕಿ.ಮೀ.ಗೆ 6:03. ನೀವು ಹಾಫ್ ಓಡಿದ್ದೇ 6:15ರಲ್ಲಿ! 21ಕ್ಕೆ ಸಿಗದ ವೇಗ 42ಕ್ಕೆ ಎಲ್ಲಿಂದ ಬರಬೇಕು? ಓಟಗಾರರು ಬಳಸುವ ರೀಗಲ್ ಸೂತ್ರದ ಪ್ರಕಾರ ಹಾಫ್ ಸಮಯವನ್ನು 2.085ರಿಂದ ಗುಣಿಸಬೇಕು, ನಿಮಗೆ 4:35 ಬರುತ್ತದೆ. ವಾರದ ಓಟ ಕಡಿಮೆ ಇರುವವರಿಗೆ ಈ ಸೂತ್ರ ಸ್ವಲ್ಪ ಉದಾರ. ಮೊದಲ ಫುಲ್ ಬೇರೆ. ಹತ್ತು ನಿಮಿಷ ಸೇರಿಸಿ 4:45 ಇಟ್ಟುಕೊಳ್ಳಿ, ಪೇಸ್ 6:45.

ಈಗ ಭಾನುವಾರದ ಓಟ. ನಿಮ್ಮ ಲಾಂಗ್ ರನ್ ಪೇಸ್ 7:15ರಿಂದ 7:45ರ ಒಳಗಿರಬೇಕಿತ್ತು. 6:20 ಅಂದರೆ ರೇಸ್ ಪೇಸ್‌ಗಿಂತಲೂ 25 ಸೆಕೆಂಡ್ ಜೋರು. ವೇಗ ಏರಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಗ್ಲೈಕೋಜನ್ನಿಗೆ (ಕೂಡಿಟ್ಟ ಸಕ್ಕರೆಗೆ) ಕೈಹಾಕುತ್ತದೆ. ಸ್ನಾಯು ಮತ್ತು ಲಿವರ್‌ನಲ್ಲಿರುವ ಆ ದಾಸ್ತಾನು ಸಣ್ಣದು. ಮೊದಲ ಹತ್ತರಲ್ಲಿ ಹಾಯಾಗಿ ಅನ್ನಿಸಿದ್ದು ಕಾಲು ಹೊಸದಾಗಿತ್ತು ಅಂತ ಅಷ್ಟೆ. ‘ಮೊದಲೇ ಸ್ವಲ್ಪ ಟೈಮ್ ಉಳಿಸಿಟ್ಟುಕೊಳ್ಳೋಣ’ ಅನ್ನುವ ಲೆಕ್ಕ ಮ್ಯಾರಥಾನಿನಲ್ಲಿ ಮೀಟರ್ ಬಡ್ಡಿಯ ಸಾಲ: ಮೊದಲು ಉಳಿದ ನಾಲ್ಕು ನಿಮಿಷಕ್ಕೆ ಕೊನೆಯಲ್ಲಿ ಇಪ್ಪತ್ತು ಕೊಡಬೇಕಾಗುತ್ತದೆ. ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಶಿಕಾಗೋದಲ್ಲಿ 2:00:35ರ ಮ್ಯಾರಥಾನ್ ವಿಶ್ವದಾಖಲೆ ಮಾಡಿದಾಗಲೂ ಎರಡನೆಯ ಅರ್ಧವೇ ಜೋರು: ಮೊದಲರ್ಧ 60:48, ಎರಡನೆಯದು 59:47.

ಪೇಸ್ ಕಾಲಿಗೆ ಹತ್ತಬೇಕಾದರೆ 400 ಮೀಟರ್ ಟ್ರ್ಯಾಕ್ ಹುಡುಕಿಕೊಳ್ಳಿ. 6:45 ಅಂದರೆ ಸುತ್ತಿಗೆ 2:42, ಅರ್ಧ ಸುತ್ತಿಗೆ 1:21. ಎರಡು ಕಿ.ಮೀ. ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಂಡು ಎಂಟು ಸುತ್ತು. ವಾಚ್ ಮೇಲೆ ಟೇಪ್ ಅಂಟಿಸಿ. ಸುತ್ತಿನ ಕೊನೆಗೆ ಎಷ್ಟಾಗಿರಬಹುದು ಅಂತ ಮನಸ್ಸಿನಲ್ಲೇ ಊಹಿಸಿ, ಆಮೇಲೆ ಟೇಪ್ ಎತ್ತಿ ನೋಡಿ. ಮೊದಲ ವಾರ 2:30 ಬರುತ್ತದೆ, ಎಲ್ಲರಿಗೂ ಅಷ್ಟೇ. ವಾರಕ್ಕೊಮ್ಮೆಯಂತೆ ಐದಾರು ವಾರ ಮಾಡಿ. ವ್ಯತ್ಯಾಸ ಮೂರು ಸೆಕೆಂಡಿನೊಳಗೆ ಬಂದ ಮೇಲೆ ಇದೇ ದಿನದ ಓಟವನ್ನು ರಸ್ತೆಗೆ ತನ್ನಿ: 3 ಕಿ.ಮೀ. ನಿಧಾನ, 8 ರೇಸ್ ಪೇಸ್‌ನಲ್ಲಿ, 2 ನಿಧಾನ.

ಉಳಿದ ವಾರದ ದಿನಗಳಲ್ಲಿ ಈಸಿ ರನ್ ನಿಜವಾಗಿಯೂ ಈಸಿ ಇರಲಿ. ಓಡುತ್ತಲೇ ಹದಿಮೂರರ ಮಗ್ಗಿ ಹೇಳಿ ನೋಡಿ. ಒಂದೊಂದು ಸಾಲಿಗೂ ಏದುಸಿರು ಬಂದರೆ ಜೋರಾಯಿತು ಅಂತ ಅರ್ಥ. ಮಗ್ಗಿಯೇ ಮರೆತಿದ್ದರೆ ಬೇರೆ ವಿಷಯ.

ಲಾಂಗ್ ರನ್ ಎರಡು ಥರ ಮಾಡಿ. ಒಂದು ಭಾನುವಾರ ಪೂರ್ತಿ 7:30ರಲ್ಲಿ. ಮುಂದಿನ ಭಾನುವಾರ ದೂರ ಕಡಿಮೆ: 24ರಲ್ಲಿ ಮೊದಲ 16 ಕಿ.ಮೀ. 7:30, ಕೊನೆಯ 8 ಮಾತ್ರ 6:45. ಆ ಎಂಟು ಬರಲಿಲ್ಲವೆಂದರೆ ಮೊದಲ ಹದಿನಾರು ಜೋರಾಗಿತ್ತು, ಅಥವಾ 6:45 ಇನ್ನೂ ನಿಮ್ಮದಲ್ಲ. ಮೂರೂವರೆ ಗಂಟೆ ಮೀರಬೇಡಿ. 7:30ರಲ್ಲಿ ಅದು 28 ಕಿ.ಮೀ., ಅಷ್ಟು ಸಾಕು. 35 ಓಡಿ ಮುಂದಿನ ಹತ್ತು ದಿನ ಕುಂಟುವುದರಲ್ಲಿ ಲಾಭವಿಲ್ಲ.

ವಾಚಿನಲ್ಲಿ ಆ ಕ್ಷಣದ ಪೇಸ್ ನೋಡುವುದು ಬಿಡಿ, ಮರಗಳ ಕೆಳಗೆ ಜಿಪಿಎಸ್ ಸರಿಯಾಗಿ ಸಿಗದೆ ಅದು ಸುಮ್ಮನೆ ಕುಣಿಯುತ್ತದೆ. ಲ್ಯಾಪ್ ಪೇಸ್ (ಓಡುತ್ತಿರುವ ಕಿ.ಮೀ.ನ ಸರಾಸರಿ) ಇಟ್ಟುಕೊಳ್ಳಿ. ರೇಸಿನಲ್ಲಿ ಜನರನ್ನು ಸುತ್ತಿ ಬಳಸಿ ಓಡಿದ ಮೇಲೆ ವಾಚ್ 42.2ರ ಬದಲು 42.6 ಕಿ.ಮೀ.ಯಷ್ಟು ತೋರಿಸುವುದು ಸಾಮಾನ್ಯ. ಹಾಗಾದರೆ 6:45ರಲ್ಲಿ ಓಡಿದರೂ 4:47 ದಾಟುತ್ತದೆ. 4:45 ಬೇಕೇಬೇಕೆಂದರೆ ವಾಚಿನಲ್ಲಿ 6:41 ಕಾಣಬೇಕು. ರಸ್ತೆ ಬದಿಯ ಕಿ.ಮೀ. ಫಲಕಗಳನ್ನೇ ನಂಬಿದರೆ ಈ ರಗಳೆಯಿಲ್ಲ.

ಮುಂಬೈ ಬಗ್ಗೆ ಒಂದು ಮಾತು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬಂದ ಪೇಸ್ ಅಲ್ಲಿನ ತೇವದ ಗಾಳಿಯಲ್ಲಿ ಹಾಗೇ ಬರುವುದಿಲ್ಲ. ಬೆವರು ಆರುವುದಿಲ್ಲ, ಅದೇ ವೇಗಕ್ಕೆ ಹೃದಯಬಡಿತ ಏರುತ್ತಾ ಹೋಗುತ್ತದೆ. ನಿಮ್ಮ ಸಮಯಕ್ಕೆ ಕೊನೆಯ ಒಂದೆರಡು ಗಂಟೆ ಬಿಸಿಲೇ. ಮೊದಲ ಐದು ಕಿ.ಮೀ. 7:00, ಆಮೇಲೆ 6:45; ಸೆಕೆ ಹೆಚ್ಚಿದ್ದರೆ 6:55ಕ್ಕೇ ನಿಲ್ಲಿ. ವಾಪಸ್ ಬರುವಾಗ, ಕಾಲು ಸೋತಿರುವ ಹೊತ್ತಿಗೆ, ಪೆಡ್ಡರ್ ರೋಡ್ ಏರು ಸಿಗುತ್ತದೆ. ಅಲ್ಲಿ ಉಸಿರಾಟ ಒಂದೇ ಸಮ ಇರಲಿ, ಪೇಸ್ ಅಲ್ಲ. ಕಿ.ಮೀ.ಗೆ 30 ಸೆಕೆಂಡ್ ಹೋದರೆ ಹೋಗಲಿ, ಇಳಿಜಾರಿನಲ್ಲಿ ಅದನ್ನು ವಸೂಲಿ ಮಾಡಲು ಹೋದರೆ ತೊಡೆ ಹಿಡಿದುಕೊಳ್ಳುತ್ತದೆ.

ಇನ್ನು ತಿನ್ನುವುದು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್) ಬೇಕು. ಜೆಲ್ (ಓಡುತ್ತಲೇ ನುಂಗುವ ಸಕ್ಕರೆ ಪಾಕದ ಪೊಟ್ಟಣ) ಒಂದರಲ್ಲಿ ಸಾಮಾನ್ಯವಾಗಿ 25 ಗ್ರಾಂ ಆಸುಪಾಸು ಇರುತ್ತದೆ, ಪೊಟ್ಟಣ ನೋಡಿಕೊಳ್ಳಿ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. 40ನೇ ನಿಮಿಷಕ್ಕೆ ಮೊದಲನೆಯದು, ಆಮೇಲೆ 40 ನಿಮಿಷಕ್ಕೊಂದು, ಹಸಿವಿಗೆ ಕಾಯಬೇಡಿ. ಜೆಲ್ ಜೊತೆ ನೀರು. ನೀರಿನ ಕಡೆ ಇಪ್ಪತ್ತು ಹೆಜ್ಜೆ ನಡೆದು ಕುಡಿಯಿರಿ. ಈ ಭಾನುವಾರವೇ ಶುರು ಮಾಡಿ, ಯಾವ ಜೆಲ್ ಹೊಟ್ಟೆಗೆ ಒಗ್ಗುವುದಿಲ್ಲ ಅಂತ ಈಗಲೇ ಗೊತ್ತಾಗಲಿ. ಸ್ಪ್ಲಿಟ್ (ಪ್ರತಿ ಕಿ.ಮೀ.ನ ಸಮಯ) ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ನೋಡುವಾ.